ಸತ್ಯಾಂಶ: ಪುಣೆ ಸುತ್ತಲಿನ ಒಣಹುಲ್ಲಿನ ಬಯಲು ಬರಡಲ್ಲ

"ಸಾಸವಡ, ಸುಪೆ ಕಡೆಯದೆಲ್ಲ ಬರಡು ಭೂಮಿ. ಬೇಸಿಗೆಗೆ ಹುಲ್ಲೂ ಸತ್ತುಹೋಗುತ್ತೆ. ಈ ಮಳೆಗಾಲ ಅಲ್ಲಿ ಮರ ನೆಡೋಣ." ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುವ ಸಂದೇಶವಿದು. ಉದ್ದೇಶ ಒಳ್ಳೆಯದೇ, ಮಾಹಿತಿ ತಪ್ಪು.

ಅದು ಸಹಜ ಹುಲ್ಲುಗಾವಲು. ಸಹ್ಯಾದ್ರಿಯ ಮಳೆನೆರಳಿನಲ್ಲಿ, ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ. ಅಲ್ಲಿನ ಮಾರ್ವೆಲ್ ಹುಲ್ಲನ್ನೇ ನೋಡಿ. ಗೆಣ್ಣಿನ ಸುತ್ತ ಬಿಳಿ ಕೂದಲಿನ ಬಳೆ ಇರುತ್ತೆ, ಗುರುತು ಹಿಡಿಯೋದು ಸುಲಭ. ಇದು ಬಹುವಾರ್ಷಿಕ. ಮೇ ತಿಂಗಳಲ್ಲಿ ಒಣಗೋದು ಮೇಲಿನ ಕಡ್ಡಿ ಮಾತ್ರ, ಬುಡದಲ್ಲಿ ಜೀವ ಇರುತ್ತೆ. ಮಳೆ ಬಿದ್ದರೆ ಅಲ್ಲಿಂದಲೇ ಚಿಗುರು. ಬೇರು ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುತ್ತೆ. ಕುರಿಗಾಹಿ ಧನಗರರ ಕುರಿಗಳು ಮೇಯೋದು ಇಂಥ ಬಯಲಲ್ಲೇ. ಸುಪೆಯ ಮಯೂರೇಶ್ವರ ಅಭಯಾರಣ್ಯದ ಚಿಂಕಾರ ಜಿಂಕೆಗಳೂ ಅಷ್ಟೇ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಮೇಯಿಸೋದು ಜಾಸ್ತಿಯಾದರೆ ಮೊದಲು ಹೋಗೋದು ಇಂಥ ರುಚಿಯಾದ ಹುಲ್ಲೇ. ಆ ಜಾಗಕ್ಕೆ ಕುಸಳಿ ಅನ್ನೋ ಹುಲ್ಲು ಹಬ್ಬುತ್ತೆ. ಅದರ ಚೂಪು ಬೀಜ ಉಣ್ಣೆ ದಾಟಿ ಕುರಿಯ ಚರ್ಮಕ್ಕೇ ಚುಚ್ಚುತ್ತೆ. ಸರಿಪಡಿಸಲು ಮಳೆ ಶುರುವಾದಾಗ ಮಾರ್ವೆಲ್‌ನ ಬೇರುಸಹಿತ ತುಂಡು ನೆಟ್ಟು, ಬೇರೂರುವ ತನಕ ದನ ಕುರಿ ಬಿಡದೆ ಕಾಯಬೇಕು. ಸುಮ್ನೆ ಗ್ಲಿರಿಸಿಡಿಯಾ ಮರ ಒತ್ತೊತ್ತಾಗಿ ನೆಟ್ಟರೆ ನೆರಳಿಗೆ ಹುಲ್ಲು ಸೊರಗುತ್ತೆ.

ಮರ ನೆಡಲೇಬೇಕಾ? ಊರೊಳಗಿನ ರಸ್ತೆಬದಿ ಖಾಲಿ ಇದೆ, ಅಲ್ವಾ?