ಪಾಸ್‌ವರ್ಡ್ ಯಾರ ಹತ್ರ ಇದೆ?

ಬೆಳಗ್ಗೆಯಿಂದ ತಲೆ ಕೆಟ್ಟಿದೆ, ಬರೆದು ಹಾಕದೆ ಸಮಾಧಾನ ಆಗಲ್ಲ.

ಮನೆಯಲ್ಲೇ ಬಟ್ಟೆ ಹೊಲಿಯೋ ಅಕ್ಕ ಒಬ್ರು ಫೋನ್ ಮಾಡಿದ್ರು. ನಾಲ್ಕು ವರ್ಷದಿಂದ ಇನ್‌ಸ್ಟಾಗ್ರಾಮಲ್ಲಿ ಒಂದೊಂದೇ ಫೋಟೋ ಹಾಕಿ ಗಿರಾಕಿ ಮಾಡ್ಕೊಂಡವರು. "ಫೋನ್ ಬದಲಾಯಿಸಿದೆ, ಅಕೌಂಟ್ ಓಪನ್ನೇ ಆಗ್ತಿಲ್ಲ ಕಣೋ" ಅಂದ್ರು. ನೋಡಿದ್ರೆ ಅದಕ್ಕೆ ಕೊಟ್ಟಿರೋ ಇಮೇಲೂ ಅವರದ್ದಲ್ಲ, ನಂಬರೂ ಅವರದ್ದಲ್ಲ. ಅಕೌಂಟ್ ಮಾಡಿಕೊಟ್ಟ ಹುಡುಗ ತನ್ನದೇ ಹಾಕ್ಕೊಂಡಿದ್ದಾನೆ. ಕೋಡ್ ಹೋಗೋದು ಅವನಿಗೆ, ಅವನು ಫೋನೇ ಎತ್ತಲ್ಲ. ಅಳತೆ ಕಳಿಸಿದವರ ಮೆಸೇಜು, ಒಪ್ಕೊಂಡ ಆರ್ಡರು, ಎಲ್ಲಾ ಒಳಗೇ ಉಳೀತು.

ಸಣ್ಣ ವ್ಯಾಪಾರ ಮಾಡೋರಿಗೆ ಆನ್‌ಲೈನ್ ಪೇಜು, ಅಕೌಂಟ್ ಮಾಡಿಕೊಡೋ ಈ ಕೆಲಸ ನಾನು ಶುರು ಮಾಡಿದಾಗಿನಿಂದ ಇದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಲೋಗೋ ಮಾಡಿಕೊಡ್ತಾರೆ, ರೀಲ್ಸ್ ಮಾಡಿಕೊಡ್ತಾರೆ, ಫಾಲೋವರ್ಸ್ ಏರಿಸ್ತೀವಿ ಅಂತಾರೆ, ಆದ್ರೆ ಬೀಗದ ಕೈ ಮಾತ್ರ ಕೊಡಲ್ಲ. ಫೇಸ್‌ಬುಕ್ ಪೇಜಿನ ಫುಲ್ ಕಂಟ್ರೋಲ್ ವ್ಯಾಪಾರ ಮಾಡೋರಿಗೆ ಇರಲ್ಲ. ಗೂಗಲ್ ಸರ್ಚಲ್ಲಿ, ಮ್ಯಾಪಲ್ಲಿ ಅಂಗಡಿ ವಿವರ ತೋರಿಸೋ ಗೂಗಲ್ ಬಿಸಿನೆಸ್ ಪ್ರೊಫೈಲಲ್ಲಿ ಓನರ್ ಬೇರೆ, ಮ್ಯಾನೇಜರ್ ಬೇರೆ ಅಂತ ಇದೆಯಲ್ಲ, ನಿಜವಾದ ಯಜಮಾನರನ್ನೇ ಮ್ಯಾನೇಜರ್ ಮಾಡಿ ತಾವು ಓನರ್ ಆಗಿ ಕೂತಿರೋರನ್ನೂ ನೋಡಿದೀನಿ. ಸಹಾಯಕ್ಕೆ ಬಂದವರ ಹೆಸರು ಮ್ಯಾನೇಜರ್ ಜಾಗದಲ್ಲಿರಬೇಕು, ಕೆಲಸ ಮುಗಿದ ದಿನ ತೆಗೆದುಹಾಕೋಕೆ ಬರೋ ಹಾಗೆ.

"ಅವರಿಗೆ ಇದೆಲ್ಲ ತಿಳಿಯಲ್ಲ, ಪಾಸ್‌ವರ್ಡ್ ಮರೀತಾರೆ, ಟೈಮೂ ಇರಲ್ಲ, ನಮ್ಮ ಹತ್ರ ಇದ್ರೇ ಸೇಫು" ಅಂತ ಈ ಫೀಲ್ಡಿನ ಗೆಳೆಯರು ಹೇಳ್ತಾರೆ. ಟೈಮ್ ಇಲ್ಲ ಅನ್ನೋದು ನಿಜ, ಒಪ್ತೀನಿ. ಆದ್ರೆ ಸಾಲ, ಸ್ಟಾಕು, ಯಾರು ಎಷ್ಟು ಬಾಕಿ ಅನ್ನೋದನ್ನೆಲ್ಲ ತಲೆಯಲ್ಲೇ ಇಟ್ಕೊಂಡಿರೋ ಮನುಷ್ಯರಿಗೆ ಒಂದು ಪಾಸ್‌ವರ್ಡ್ ಇಟ್ಕೊಳೋಕೆ ಬರಲ್ವಾ? ಪಕ್ಕದಲ್ಲಿ ಕೂತು ಹೇಳಿಕೊಡೋ ತಾಳ್ಮೆ ನಮಗಿಲ್ಲ, ಅಷ್ಟೇ.

ಫಾಲೋವರ್ಸ್ ಸಂಖ್ಯೆ ತೋರಿಸಿ ದುಡ್ಡು ತಗೊಳೋದೂ ನಂಗೆ ಸಹಿಸೋಕೆ ಆಗಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ಕೇ ಹೇಳಿತ್ತು, ಫೀಡಲ್ಲಿ ಸ್ನೇಹಿತರು, ಮನೆಯವರ ಪೋಸ್ಟಿಗೆ ಮೊದಲ ಜಾಗ, ಪೇಜುಗಳದ್ದು ಕಮ್ಮಿ ಆಗುತ್ತೆ ಅಂತ. ಸಾವಿರ ಜನ ಫಾಲೋ ಮಾಡಿದ ಮಾತ್ರಕ್ಕೆ ಸಾವಿರ ಜನಕ್ಕೂ ಪೋಸ್ಟ್ ಕಾಣಲ್ಲ. ಫೇಸ್‌ಬುಕ್ ತರಾನೇ ಗೂಗಲ್ ನಡೆಸ್ತಿದ್ದ ಗೂಗಲ್ ಪ್ಲಸ್ ಅಂತೂ 2019ರ ಏಪ್ರಿಲಲ್ಲಿ ಜನಸಾಮಾನ್ಯರಿಗೆ ಬಾಗಿಲೇ ಹಾಕ್ತು. ಹಾಗಾಗಿ ಯಾರೇ ಕೇಳಿದ್ರೂ ನಾನು ಮೊದಲು ಹೇಳೋದು, ಗಿರಾಕಿಗಳ ನಂಬರ್ ಒಪ್ಪಿಗೆ ಕೇಳಿ ಒಂದು ಪುಸ್ತಕದಲ್ಲಿ ಬರ್ಕೊಳ್ಳಿ, ಆಮೇಲೆ ವಾಟ್ಸಾಪ್ ಬಿಸಿನೆಸ್ ಹಾಕ್ಕೊಳ್ಳಿ, ಆ ಆಪ್ ಫ್ರೀ, ಕ್ಯಾಟಲಾಗ್ ಇದೆ, ತೆರೆಯೋ ಮುಚ್ಚೋ ಟೈಮ್ ಹಾಕಬಹುದು. ರೀಲ್ಸ್ ಆಮೇಲೆ ನೋಡೋಣ. ನಿಮ್ಮ ಸ್ವಂತ ಇಮೇಲು, ನಿಮ್ಮ ನಂಬರು, ಎರಡು ಹಂತದ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋದು) ಆನ್, ಇಷ್ಟಾಗದೆ ಒಂದು ಪೋಸ್ಟೂ ಬೇಡ.

ಇಷ್ಟು ಜೋರಾಗಿ ಬರೀತಿರೋದಕ್ಕೆ ಇನ್ನೊಂದು ಕಾರಣ ಇದೆ. ಶುರುವಿನಲ್ಲಿ ನಾನೂ ಇದೇ ತಪ್ಪು ಮಾಡಿದೀನಿ. ಬೇಗ ಆಗ್ಲಿ ಅಂತ ಒಬ್ಬ ಹಿರಿಯರ ಪೇಜನ್ನ ನನ್ನ ಇಮೇಲಲ್ಲೇ ಮಾಡಿದ್ದೆ. ಅದು ಎರಡು ವರ್ಷ ನನ್ನ ಹತ್ರಾನೇ ಇತ್ತು, ಅವರು ಒಂದು ಫೋಟೋ ಬದಲಾಯಿಸೋಕೂ ನಂಗೆ ಫೋನ್ ಮಾಡ್ತಿದ್ರು, ಪ್ರತಿ ಸಲ "ತೊಂದ್ರೆ ಕೊಡ್ತಾ ಇದೀನೇನಪ್ಪಾ" ಅಂತಾನೇ ಶುರು ಮಾಡೋರು. ತಮ್ಮ ಅಂಗಡಿ ಬೋರ್ಡಿಗೆ ಅವರು ನನ್ನ ಅಪ್ಪಣೆ ಕೇಳ್ತಿದ್ರು. ಅದು ಅರ್ಥ ಆದ ದಿನವೇ ಹೋಗಿ ಎಲ್ಲಾ ಅವರ ಹೆಸರಿಗೆ ಮಾಡಿಕೊಟ್ಟು ಬಂದೆ, ಆದ್ರೂ ಆ ಮಾತು ಇನ್ನೂ ಕಿವೀಲಿದೆ.

ನಾಳೆ ಅಕ್ಕನ ಮನೆಗೆ ಹೋಗ್ತಿದೀನಿ. ಹಳೇ ಫೋನ್ ಇನ್ನೂ ಎಸೆದಿಲ್ಲವಂತೆ, ಅದ್ರಲ್ಲಿ ಲಾಗಿನ್ ಹಾಗೇ ಉಳಿದಿದ್ರೆ ಅವರ ಇಮೇಲ್ ಸೇರಿಸೋಕೆ ಒಂದು ದಾರಿ ಸಿಗಬಹುದು. ಸ್ಕ್ರೀನ್ ಒಡೆದಿದೆಯಂತೆ, ಚಾರ್ಜಿಗೆ ಹಾಕಿಡಿ ಅಂತ ಹೇಳಿದೀನಿ.