ಗಾಡಿ ಎಲ್ಲಿ ನಿಲ್ಲಿಸ್ತೀರಿ ಅಂತ ಮೊದಲು ಕೇಳ್ರಪ್ಪ

ಇವತ್ತು ಅಕ್ಕನ ಮಗನ ಜೊತೆ ರಾಜಾಜಿನಗರದಲ್ಲಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಹೋಗಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ.

ಸೇಲ್ಸ್ ಹುಡುಗ ಪಾಪ ಚುರುಕಾಗಿದ್ದ. ಟಚ್ ಸ್ಕ್ರೀನ್ ತೋರಿಸಿದ, ರಿವರ್ಸ್ ಮೋಡ್ ತೋರಿಸಿದ, ಪಿಕಪ್ ನೋಡಿ ಸರ್ ಅಂದ. ನಮ್ಮ ಹುಡುಗನ ಕಣ್ಣು ಅರಳಿತು. ಆದರೆ ಗಾಡಿ ಎಲ್ಲಿ ಚಾರ್ಜ್ ಮಾಡ್ತೀರಿ ಅಂತ ಆ ಸೇಲ್ಸ್ ಹುಡುಗನೂ ಕೇಳಲಿಲ್ಲ, ಅವನ ಮ್ಯಾನೇಜರೂ ಕೇಳಲಿಲ್ಲ.

ನಮ್ಮ ಹುಡುಗ ಇರೋದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯ ಬಾಡಿಗೆ ಮನೆ. ಗಾಡಿ ನಿಲ್ಲೋದು ಗೇಟಿನ ಒಳಗೆ, ಸಂಪಿನ ಮುಚ್ಚಳದ ಪಕ್ಕ. ಅಲ್ಲಿರೋದು ನೀರಿನ ಮೋಟರಿನ ಪಾಯಿಂಟ್ ಒಂದೇ, ಅದೂ ಓನರ್ ಮೀಟರಿಗೆ ಸೇರಿದ್ದು. ಬೆಂಗಳೂರಿನಲ್ಲಿ ಇಂಥ ಮನೆಗಳು ಬೀದಿಗೆ ಹತ್ತು ಇವೆ.

ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಓಡುತ್ತೆ ಅನ್ನೋ ರೇಂಜ್ ಬಗ್ಗೆಯೇ ಎಲ್ಲರೂ ಬಡ್ಕೋತಾರೆ. ಕಂಪನಿಯವರು ಹೇಳೋ ಐಡಿಸಿ (ಇಂಡಿಯನ್ ಡ್ರೈವಿಂಗ್ ಸೈಕಲ್) ರೇಂಜ್ ಅನ್ನೋದು ಪರೀಕ್ಷೆಯ ಲೆಕ್ಕ, ಗೊರಗುಂಟೆಪಾಳ್ಯ ಜಂಕ್ಷನ್ನಿನ ಟ್ರಾಫಿಕ್ಕಿನ ಲೆಕ್ಕ ಅಲ್ಲ. ಆದ್ರೂ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಾಡೋನಿಗೆ ಏಥರ್ ರಿಜ್ಟಾನೂ ಸಾಕು, ಟಿವಿಎಸ್ ಐಕ್ಯೂಬೂ ಸಾಕು, ಬಜಾಜ್ ಚೇತಕ್ಕೂ ಸಾಕು. ಆದರೆ ಇವುಗಳ ಬ್ಯಾಟರಿ ಬಿಚ್ಚಿ ಮನೆಗೆ ತಗೊಂಡು ಹೋಗೋಕಾಗಲ್ಲ, ಪ್ಲಗ್ಗೇ ಗಾಡಿ ಹತ್ರ ಬರಬೇಕು. ಹೀರೋದವರ ವಿಡಾದಲ್ಲಿ ಬಿಚ್ಚಬಹುದು, ಆದರೆ ಆ ಭಾರ ಹೊತ್ಕೊಂಡು ಮೂರು ಮಹಡಿ ಹತ್ತಬೇಕು. ಹೋಂಡಾ ಆಕ್ಟಿವಾ ಇ ತಗೊಂಡ್ರೆ ಬ್ಯಾಟರಿ ಬದಲಾಯಿಸೋ ಕೇಂದ್ರಕ್ಕೇ ಹೋಗಬೇಕು, ಮನೇಲಿ ಚಾರ್ಜ್ ಮಾಡೋ ಮಾತೇ ಇಲ್ಲ. ನಾವು ಗಾಡಿ ಆರಿಸೋಕೆ ಬೇಕಾಗಿದ್ದ ಮಾತು ಇದು. ಶೋರೂಮಿನಲ್ಲಿ ಇದೊಂದನ್ನು ಬಿಟ್ಟು ಬೇರೆಲ್ಲ ಹೇಳಿದ್ರು.

ಊರು ತುಂಬ ಫಾಸ್ಟ್ ಚಾರ್ಜರ್ ಇದೆಯಲ್ಲ ಅಂತೀರಿ. ಇದೆ, ಸರಿ. ಆಫೀಸಿನಿಂದ ಸುಸ್ತಾಗಿ ಬರೋನು ರಾತ್ರಿ ಎಂಟಕ್ಕೆ ರಸ್ತೆ ಬದಿ ಮೊಬೈಲ್ ಹಿಡ್ಕೊಂಡು ನಿಂತಿರಬೇಕಾ? ಅಪರೂಪಕ್ಕೆ ಆಯ್ತು, ದಿನಾ ಆಗಲ್ಲ. ಎಲೆಕ್ಟ್ರಿಕ್ ಗಾಡಿಯ ಸುಖ ಇರೋದೇ ರಾತ್ರಿ ಚುಚ್ಚಿ ಮಲಗಿ ಬೆಳಿಗ್ಗೆ ತೆಗೆಯೋದರಲ್ಲಿ. ಮೂರು ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬೋಕೆ ಮೂರೂವರೆ ಯೂನಿಟ್ ಆಸುಪಾಸು, ಅಂದರೆ ಇಪ್ಪತ್ತು ರೂಪಾಯಿಗಿಂತ ಸ್ವಲ್ಪ ಮೇಲೆ. ಇಷ್ಟು ಅಗ್ಗದ ಓಡಾಟ ಒಂದು ಪ್ಲಗ್ ಪಾಯಿಂಟ್ ಇಲ್ಲ ಅಂತ ಕೈತಪ್ಪಬೇಕಾ?

ನಾನೂ ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿ ಇದ್ದವನು. ಒಂದು ಮೊಳೆ ಹೊಡೀಲಾ ಸರ್ ಅಂತ ಓನರನ್ನ ಕೇಳೋಕೂ ಎದೆ ಡವಡವ ಅನ್ನೋದು. ಆ ಹುಡುಗ ಸಾಲ ಮಾಡಿ ಗಾಡಿ ತಂದು, ಆಮೇಲೆ ಗೇಟ್ ಹತ್ರ ಎಕ್ಸ್‌ಟೆನ್ಷನ್ ಬೋರ್ಡ್ ಹಿಡ್ಕೊಂಡು ಓನರ್ ಮುಂದೆ ಹಲ್ಲು ಗಿಂಜೋದು ನನಗೆ ನೋಡೋಕಾಗಲ್ಲ. ಮೂರನೇ ಮಹಡಿಯಿಂದ ವೈರ್ ಇಳಿಬಿಡೋದಂತೂ ಬೇಡವೇ ಬೇಡ, ಮಳೆಗಾಲದಲ್ಲಿ ಜೀವಕ್ಕೇ ಸಂಚಕಾರ.

ಅಡ್ವಾನ್ಸ್ ಕೊಡೋಕೆ ನಾನು ಬಿಡಲಿಲ್ಲ. ಭಾನುವಾರ ಓನರ್ ಅಂಕಲ್ ಮನೆಗೆ ಇಬ್ಬರೂ ಹೋಗ್ತೀವಿ. ಅರ್ಥಿಂಗ್ ಸರಿಯಿರೋ ಒಂದು ಪಾಯಿಂಟು, ನಮ್ಮ ಬಳಕೆ ಬೇರೆ ಅಳೆಯೋಕೆ ಅದಕ್ಕೊಂದು ಸಬ್ ಮೀಟರ್, ಎಲೆಕ್ಟ್ರಿಷಿಯನ್ ಕೂಲಿ ಎಲ್ಲ ನಮ್ಮದೇ. ಒಪ್ಪಿದ್ರೆ ರಿಜ್ಟಾ ಇಲ್ಲಾ ಐಕ್ಯೂಬ್, ಯಾವುದರ ಸರ್ವಿಸ್ ಸೆಂಟರ್ ಮನೆಗೆ ಹತ್ತಿರವೋ ಅದು. ಒಪ್ಪದಿದ್ರೆ ವಿಡಾ. ಮೆಟ್ಟಿಲು ಹತ್ತೋಕೆ ವಯಸ್ಸಿದೆ ಅವನಿಗೆ.