ವಿಂಗರ್‌ಗಳ ಗೋದಾಮು

ಲಂಡನ್ನಿನ ಫುಟ್‌ಬಾಲ್ ಕ್ಲಬ್ ಚೆಲ್ಸಿಗೆ ಇನ್ನೊಬ್ಬ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನು, ಬರುತ್ತಾನಂತೆ. ಬರಲಿ ಬಿಡಿ. ಇರುವವರನ್ನು ಎಣಿಸಲು ಕೈಬೆರಳು ಸಾಲದೆ ಕಾಲ್ಬೆರಳಿಗೆ ಇಳಿಯಬೇಕಾಗಿದೆ. ಫುಟ್‌ಬಾಲ್ ಎಂದ ಮೇಲೆ ಕಾಲ್ಬೆರಳಿನ ಲೆಕ್ಕವೇ ಸರಿ. ಗೋಲು ಹೊಡೆಯುವವನೊಬ್ಬ ಬೇಕು, ಹಿಂದೆ ನಿಂತು ಎಲ್ಲರಿಗೂ ಬೈದು ಸಂಭಾಳಿಸುವ ಹಿರಿಯ ಡಿಫೆಂಡರ್ ಒಬ್ಬ ಬೇಕು ಎಂದು ನಮ್ಮಂಥವರು ವರ್ಷಗಟ್ಟಲೆ ಬಡಬಡಿಸುತ್ತಲೇ ಇದ್ದೇವೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಇಪ್ಪತ್ತರ ಹುಡುಗನೊಬ್ಬನನ್ನು ಎಡಪಕ್ಕಕ್ಕೆ ತರುತ್ತಾರೆ. ಒಪ್ಪಂದ ಏಳು ವರ್ಷಕ್ಕಂತೆ.

ಆ ‘ಏಳು ವರ್ಷ’ವನ್ನು ನಾನು ಓದಿದ್ದು ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ, ಒಂದು ಕೈ ಮುರಿದ ಕುರ್ಚಿಯ ಮೇಲೆ ಕುಳಿತು. ನಾನು ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ. ಕಲಬುರಗಿಯಲ್ಲಿ ಹನ್ನೊಂದು ವರ್ಷ ಒಂದೇ ಮನೆಗೆ ಬಂದು ಹೋಗಿ ಇನ್ನೂ ಅತಿಥಿ ಎನ್ನಿಸಿಕೊಳ್ಳುವುದು ಅಳಿಯನಿಗೂ ಸಾಧ್ಯವಿಲ್ಲ. ನನ್ನ ಒಪ್ಪಂದ ಪರೀಕ್ಷೆಯ ಜೊತೆಗೆ ಮುಗಿಯುತ್ತದೆ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಬಂದರೆ ಬಂತು.

ಆದರೂ ಚೆಲ್ಸಿಯ ಮಾಲೀಕರ ಮೇಲೆ ನನಗೆ ಅಪಾರ ಗೌರವ. ಸವಕಳಿ ಲೆಕ್ಕವನ್ನು ಇಷ್ಟು ಭಕ್ತಿಯಿಂದ ಅಭ್ಯಾಸ ಮಾಡಿದ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಒಬ್ಬನೂ ಸಿಕ್ಕಿಲ್ಲ. 2023ರ ಫೆಬ್ರುವರಿಯಲ್ಲಿ ಎಂಜೊ ಫರ್ನಾಂಡಿಸ್‌ನನ್ನು ತಂದರಲ್ಲ, 10.68 ಕೋಟಿ ಪೌಂಡ್‌ಗೆ? ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಒಪ್ಪಂದ ಎಂಟೂವರೆ ವರ್ಷ. ಭಾಗಿಸಿದರೆ ವರ್ಷಕ್ಕೆ ಸುಮಾರು 1.26 ಕೋಟಿ. ಐದೇ ವರ್ಷಕ್ಕೆ ಭಾಗಿಸಿದ್ದರೆ 2.14 ಕೋಟಿ ಆಗುತ್ತಿತ್ತು. ಕೈಬಿಟ್ಟು ಹೋಗುವ ದುಡ್ಡು ಒಂದೇ, ಪುಸ್ತಕದಲ್ಲಿ ಮಾತ್ರ ನೋವು ತೆಳ್ಳಗೆ ಹರಡಿಕೊಳ್ಳುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ಸರ್, ಯಂತ್ರವಾದರೆ ಕೊನೆಗೆ ಗುಜರಿ ಬೆಲೆ ಎಂದು ಬಿಡುತ್ತೇವೆ. ಆಟಗಾರನಿಗೆ ಏನು ಬಿಡುವುದು?’ ಬೇರೆ ಕ್ಲಬ್‌ಗೆ ಎರವಲು ಕೊಡುತ್ತಾರಪ್ಪಾ ಎಂದೆ. ಅವನು ಅದನ್ನೂ ಬರೆದುಕೊಂಡ. ಪರೀಕ್ಷೆಯಲ್ಲಿ ಬರೆಯದಿದ್ದರೆ ಸಾಕು.

ಕೊನೆಗೆ ಕ್ಲಬ್‌ಗಳ ಜಮಾಖರ್ಚಿನ ಮೇಲೂ ಕಣ್ಣಿಡುವ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಎಚ್ಚೆತ್ತು, ಒಪ್ಪಂದ ಎಷ್ಟು ವರ್ಷದ್ದಾದರೂ ಇರಲಿ, ಲೆಕ್ಕ ಐದೇ ವರ್ಷಕ್ಕೆ ಹಂಚಬೇಕು ಎಂದಿತು. ಚೆಲ್ಸಿ ಆಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಜಾಣರಿಗೆ ಬಾಗಿಲೇ ಬೇಕೇ? ಮೈದಾನದ ಪಕ್ಕದ ತಮ್ಮ ಎರಡು ಹೋಟೆಲುಗಳನ್ನು ತಮ್ಮದೇ ಇನ್ನೊಂದು ಕಂಪನಿಗೆ 7.65 ಕೋಟಿ ಪೌಂಡ್‌ಗೆ ಮಾರಿದರು. ಆಮೇಲೆ ಮಹಿಳಾ ತಂಡವನ್ನೂ ಹಾಗೆಯೇ ತಮ್ಮ ಮಾತೃ ಕಂಪನಿಗೇ ಮಾರಿದರು. ಮನೆಯ ಎಮ್ಮೆಯನ್ನು ಹೆಂಡತಿಗೆ ಮಾರಿ, ಲಾಭವಾಯಿತೆಂದು ಓಣಿಗೆಲ್ಲ ಪೇಢೆ ಹಂಚಿದ ಹಾಗೆ. ಪ್ರೀಮಿಯರ್ ಲೀಗ್ ಪೇಢೆ ತಿಂದು ಸುಮ್ಮನಾಯಿತು. ಯುಇಎಫ್‌ಎಗೆ ಸಕ್ಕರೆ ಕಾಯಿಲೆ ಇರಬೇಕು, ಆ ಲಾಭವನ್ನು ಲೆಕ್ಕಕ್ಕೇ ಹಿಡಿಯದೆ 2025ರ ಜುಲೈಯಲ್ಲಿ 3.1 ಕೋಟಿ ಯೂರೊ ದಂಡ ಹಾಕಿತು.

ಆಟಗಾರರ ಚಳಿಗಾಲದ ಸಂತೆ ಜನವರಿಯಲ್ಲಿ ಕೂಡುತ್ತದೆ. ನಮ್ಮಲ್ಲಿ ಅದೇ ತಿಂಗಳು ತೊಗರಿ ಸುಗ್ಗಿ. ಎಪಿಎಂಸಿ ಅಂಗಳದಲ್ಲಿ ಚೀಲಗಳ ಸಾಲಿನ ನಡುವೆ ನಿಂತರೆ ಚೆಲ್ಸಿಯ ತಲೆ ಹೇಗೆ ಓಡುತ್ತದೆಂದು ಯಾರಾದರೂ ಹೇಳಬಹುದು. ಅಗ್ಗವಾಗಿದ್ದಾಗ ಹಿಡಿ, ಗೋದಾಮಿಗೆ ತುಂಬು, ಬೆಲೆ ಏರಿದಾಗ ಬಿಡು. ತೊಗರಿಗೆ ಇದು ನಡೆಯುತ್ತದೆ, ಅದು ಗೋದಾಮಿನಲ್ಲಿ ಮುನಿಸಿಕೊಂಡು ಕೂರುವುದಿಲ್ಲ, ಅದಕ್ಕೆ ಏಜೆಂಟ್ ಇರುವುದಿಲ್ಲ. 2023ರ ಆ ಒಂದೇ ಚಳಿಗಾಲದ ಸಂತೆಯಲ್ಲಿ ಎಂಜೊ ಸೇರಿ ಎಂಟು ಮಂದಿಯನ್ನು ತಂದರು. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಟೂರ್ನಿಯ ಪಟ್ಟಿಗೆ ಹೊಸಬರಲ್ಲಿ ಮೂವರನ್ನು ಮಾತ್ರ ಸೇರಿಸಬಹುದು ಎಂಬ ನಿಯಮ ಇತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಜಾಗ ಸಾಲದೆ ಕೆಲವರು ಹೊರಗಿನ ಪಡಸಾಲೆಯಲ್ಲಿ ಬಟ್ಟೆ ಬದಲಿಸಿದರೆಂದೂ ವರದಿಯಾಗಿತ್ತು. ಇಷ್ಟೆಲ್ಲ ದಾಸ್ತಾನು ಇಟ್ಟುಕೊಂಡು ಆ ಋತುವಿನಲ್ಲಿ 38 ಪಂದ್ಯಕ್ಕೆ ಹೊಡೆದ ಗೋಲು 38. ಸ್ಥಾನ ಹನ್ನೆರಡನೆಯದು. ಎಷ್ಟು ಅಚ್ಚುಕಟ್ಟಾದ ಸರಾಸರಿ ನೋಡಿ, ಲೆಕ್ಕ ಮಾಡಲು ಪೆನ್ಸಿಲ್ ಕೂಡ ಬೇಡ.

ತಂತ್ರದ ವಿಷಯಕ್ಕೆ ಬರೋಣ. ಕಳೆದ ವಾರ ಸ್ಟೇಷನ್ ಕಡೆಯ ಖಾನಾವಳಿಯೊಂದರಲ್ಲಿ ಕನ್ನಡ ವಿಭಾಗದ ನನ್ನ ಗೆಳೆಯನಿಗೆ (ಅವನೂ ಅತಿಥಿ, ನನಗಿಂತ ಎರಡು ವರ್ಷ ಹಿರಿಯ ಅತಿಥಿ) ಒಳಸರಿಯುವ ಫುಲ್‌ಬ್ಯಾಕ್, ಅಂದರೆ ಅಂಚು ಬಿಟ್ಟು ನಡುವಿಗೆ ಬರುವ ಡಿಫೆಂಡರ್, ಎಂದರೇನು ಎಂದು ವಿವರಿಸುತ್ತಿದ್ದೆ. ಶೇಂಗಾ ಹಿಂಡಿಯ ಬಟ್ಟಲು ಗೋಲ್‌ಕೀಪರ್. ಉಳ್ಳಾಗಡ್ಡಿಯ ಎರಡು ಹೋಳು ಸೆಂಟರ್‌ಬ್ಯಾಕ್. ತಟ್ಟೆಯ ಬಲ ಅಂಚಿನಲ್ಲಿ ಒಂದು ಹಸಿಮೆಣಸಿನಕಾಯಿ, ಅದೇ ಫುಲ್‌ಬ್ಯಾಕ್. ಮಧ್ಯದಲ್ಲಿ ಎಣ್ಣೆಗಾಯಿ ಬದನೆ, ಅದು ಮಿಡ್‌ಫೀಲ್ಡರ್. ಚೆಂಡು ನಮ್ಮ ವಶಕ್ಕೆ ಬಂದ ಕ್ಷಣವೇ ಮೆಣಸಿನಕಾಯಿ ಅಂಚು ಬಿಟ್ಟು ಒಳಗೆ ಸರಿದು ಬದನೆಯ ಪಕ್ಕ ನಿಲ್ಲಬೇಕು. ನಡುವೆ ನಮ್ಮವನೊಬ್ಬ ಹೆಚ್ಚಾದ, ಎದುರಾಳಿ ಯಾರನ್ನು ಹಿಡಿಯಬೇಕೆಂದು ತಬ್ಬಿಬ್ಬಾಗುತ್ತಾನೆ.

‘ಚೆಂಡು ಕೈತಪ್ಪಿದರೆ?’

‘ಕಾಲ್ತಪ್ಪಿದರೆ ಎನ್ನು. ಮೆಣಸಿನಕಾಯಿ ಓಡಿ ತನ್ನ ಜಾಗಕ್ಕೆ ಬರಬೇಕು.’

‘ಬರುವಷ್ಟರಲ್ಲಿ?’

‘ಬರುವಷ್ಟರಲ್ಲಿ ಗೋಲು.’

ಅಷ್ಟರಲ್ಲಿ ಬಡಿಸುವವರು ಬಂದು ಬಿಸಿ ರೊಟ್ಟಿಯನ್ನು ನೇರವಾಗಿ ಮಿಡ್‌ಫೀಲ್ಡ್ ಮೇಲೆ ಹಾಕಿ, ‘ಮಾಸ್ತರರೇ, ಬಾಗಿಲಲ್ಲಿ ಜನ ಕಾಯುತ್ತಿದ್ದಾರೆ’ ಎಂದರು. ಗೆಳೆಯ ಗಾಢ ಯೋಚನೆಯಲ್ಲಿ ಬಲ ಫುಲ್‌ಬ್ಯಾಕನ್ನು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡ.

ಈ ಒಳಸರಿಯುವ ವಿದ್ಯೆ ಸುಳ್ಳಲ್ಲ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಅದೇ ಮೆಣಸಿನಕಾಯಿ, ಅದೇ ಬದನೆ ಎರಡು ವರ್ಷ ಒಟ್ಟಿಗೆ ಇರಬೇಕು, ಹೇಳಿಕೊಡುವವನೂ ಇರಬೇಕು. ಚೆಲ್ಸಿಯಲ್ಲಿ ಆಟಗಾರನಿಗೆ ಎಂಟು ವರ್ಷ, ಹೇಳಿಕೊಡುವವನಿಗೆ ಸೆಮಿಸ್ಟರ್ ಪದ್ಧತಿ. ಕೋಚ್ ಗ್ರಹಾಂ ಪಾಟರ್‌ಗೆ ಐದು ವರ್ಷದ ಒಪ್ಪಂದ ಕೊಟ್ಟು ಏಳು ತಿಂಗಳು ತುಂಬುವ ಮೊದಲೇ ಕಳಿಸಿದರು. ಆ ಒಂದೇ ಋತುವಿನಲ್ಲಿ ಟುಖೆಲ್, ಪಾಟರ್, ನಡುವೆ ಒಬ್ಬ ಹಂಗಾಮಿ, ಕೊನೆಗೆ ಲ್ಯಾಂಪಾರ್ಡ್. ಆಮೇಲೆ ಬಂದ ಕೋಚ್ ಮರೆಸ್ಕಾ 2025ರಲ್ಲಿ ಯುರೋಪಿನ ಕಾನ್ಫರೆನ್ಸ್ ಲೀಗ್ ಗೆದ್ದರು, ಕ್ಲಬ್ ವಿಶ್ವಕಪ್‌ ಫೈನಲ್‌ನಲ್ಲಿ ಪ್ಯಾರಿಸ್‌ನವರನ್ನು 3–0 ಬಡಿದರು, 2026ರ ಮೊದಲ ದಿನವೇ ಹೊರಗೆ. ಒಬ್ಬರ ವ್ಯೂಹಕ್ಕೆಂದು ಕೊಂಡ ಹುಡುಗ ಇನ್ನೊಬ್ಬರ ವ್ಯೂಹದಲ್ಲಿ ಬೆಂಚು ಕಾಯುತ್ತಾನೆ, ಮೂರನೆಯವರು ಬರುವಷ್ಟರಲ್ಲಿ ಫ್ರಾನ್ಸ್‌ನಲ್ಲಿ ಎರವಲು ಆಡುತ್ತಿರುತ್ತಾನೆ.

‘ಇಂಗ್ಲೆಂಡಿನವರ ಸುದ್ದಿ ಯಾಕೆ, ನಮ್ಮ ದೇಶದ ತಂಡವನ್ನು ಹೇಗೆ ಆರಿಸುತ್ತಾರೆ?’ ಎಂದ ಗೆಳೆಯ, ನೀರು ಕುಡಿದು ಸುಧಾರಿಸಿಕೊಂಡ ಮೇಲೆ.

ನೆನಪಿದೆಯಲ್ಲ? 2022ರ ಏಷ್ಯಾ ಕಪ್ ಅರ್ಹತಾ ಪಂದ್ಯಗಳ ಹೊತ್ತಿಗೆ ನಮ್ಮ ಫುಟ್‌ಬಾಲ್ ಒಕ್ಕೂಟ ಜ್ಯೋತಿಷಿಯೊಬ್ಬರನ್ನು ಲಕ್ಷಗಟ್ಟಲೆ ಕೊಟ್ಟು ಗೊತ್ತುಮಾಡಿಕೊಂಡಿತ್ತು. ಕೋಚ್ ಆಟಗಾರರ ಪಟ್ಟಿಯನ್ನು ಪಂದ್ಯಕ್ಕೆ ಮುಂಚೆ ಅವರಿಗೆ ಕಳಿಸಿ, ಯಾರ ಗ್ರಹಗತಿ ಹೇಗಿದೆ ಎಂದು ತಿಳಿದುಕೊಳ್ಳುತ್ತಿದ್ದರೆಂದು 2023ರಲ್ಲಿ ಪತ್ರಿಕೆಯಲ್ಲಿ ಬಂತು. ಜಾತಕ ನೋಡಿ ಕನ್ಯೆ ಕೊಡುವುದು ಗೊತ್ತಿತ್ತು. ಲೆಫ್ಟ್‌ಬ್ಯಾಕ್ ಕೊಡುವುದು ಗೊತ್ತಿರಲಿಲ್ಲ. ಆ ಸಲ ಅರ್ಹತೆ ಸಿಕ್ಕಿತು, ಒಪ್ಪೋಣ. ಕತಾರ್‌ನಲ್ಲಿ 2024ರ ಮುಖ್ಯ ಟೂರ್ನಿಗೆ ಹೋದಾಗ ಮೂರು ಪಂದ್ಯ, ಮೂರು ಸೋಲು. ಹೊಡೆದ ಗೋಲು ಸೊನ್ನೆ, ಹೊಡೆಸಿಕೊಂಡದ್ದು ಆರು. ಆಗ ಶನಿ ಆಫ್‌ಸೈಡ್ ಇದ್ದಿರಬೇಕು.

ಇಲ್ಲಿಗೆ ನಗು ಸಾಕು. 2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 1–0ರಿಂದ ಸೋತೆವು. ಅದೇ ದಿನಾಂಕದಂದು ಕೆರಿಬಿಯನ್ ಸಮುದ್ರದ ಕುರಸಾವ್ ಎಂಬ ದ್ವೀಪ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅಲ್ಲಿನ ಜನಸಂಖ್ಯೆ ಒಂದೂವರೆ ಲಕ್ಷದಷ್ಟು. ನಮ್ಮ ಬೀದರ್ ನಗರದಲ್ಲೇ 2011ರ ಗಣತಿಯ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದರು. ನಾನು ಹುಡುಗನಾಗಿದ್ದಾಗ ಆಡುತ್ತಿದ್ದ ಮೈದಾನದಲ್ಲಿ ಈಗ ಒಂದು ತಿಂಗಳು ವಸ್ತುಪ್ರದರ್ಶನ, ಇನ್ನೊಂದು ತಿಂಗಳು ಸಮಾವೇಶ. ಶಾಮಿಯಾನದ ಗೂಟ ಕಿತ್ತ ಕುಳಿಗಳನ್ನು ಯಾರೂ ಮುಚ್ಚುವುದಿಲ್ಲ. ಹೋದ ವರ್ಷ ನನ್ನ ವಿದ್ಯಾರ್ಥಿಯೊಬ್ಬ, ಎಡಗಾಲಿನಲ್ಲಿ ಸೊಗಸಾಗಿ ಆಡುವ ಹುಡುಗ, ಅಂಥ ಕುಳಿಯೊಂದರಲ್ಲಿ ಕಾಲಿಟ್ಟು ಪಾದದ ಕೀಲು ಮುರಿದುಕೊಂಡ. ಅವನೂ ವಿಂಗರ್. ಅವನ ಜಾತಕವನ್ನು ಯಾರೂ ನೋಡಲಿಲ್ಲ, ಎಕ್ಸ್‌ರೇಗೆ ಅವನ ಅಪ್ಪ ಸಾಲ ಮಾಡಿದರು.

ಮಧ್ಯಾಹ್ನ ಸಿಬ್ಬಂದಿ ಕೊಠಡಿಗೆ ಮರಳಿದರೆ ವಿದ್ಯುತ್ ಇರಲಿಲ್ಲ. ಕಾಯಂ ಅಧ್ಯಾಪಕರೊಬ್ಬರು ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ, ‘ನಿಮ್ಮ ಚೆಲ್ಸಿಯವರು ಆ ವಿಂಗರ್ ಸ್ಟರ್ಲಿಂಗ್‌ನನ್ನು ತಂಡದಿಂದ ದೂರವಿಟ್ಟು ಬೇರೆಯೇ ತಾಲೀಮು ಮಾಡಿಸಿದರಂತಲ್ಲ, ಆಡಿಸದಿದ್ದರೂ ವಾರವಾರ ಸಂಬಳ ಕೊಟ್ಟರಂತೆ, ಪಾಪ’ ಎಂದು ಮರುಗಿದರು. ನಾನೂ ಮರುಗಿದೆ. ನನಗೆ ಮೂರು ತಿಂಗಳ ಗೌರವಧನ ಬರಬೇಕು. ಕೇಳಿದರೆ ಅನುದಾನ ಬಿಡುಗಡೆಯಾಗಿಲ್ಲ ಎನ್ನುತ್ತಾರೆ. ಮುರಿದ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿದ್ದರು, ಅರ್ಥಶಾಸ್ತ್ರದ ಹೊಸ ಅತಿಥಿ. ಕುರ್ಚಿ ಬಿಡಿ ಎನ್ನಲು ನನ್ನ ಬಳಿ ಯಾವ ಒಪ್ಪಂದ ಇದೆ? ಕಿಟಕಿಯ ಪಕ್ಕ ನಿಂತು ಮೊಬೈಲ್ ತೆಗೆದೆ. ವಿಂಗರ್ ವೈದ್ಯಕೀಯ ಪರೀಕ್ಷೆಗೆ ಲಂಡನ್‌ಗೆ ಬಂದಿಳಿದನಂತೆ. ಬಲಗಾಲಿನಲ್ಲೂ ಆಡುತ್ತಾನಂತೆ.